ನೆಗ್ಗಿಲು ಮುಳ್ಳು ಮತ್ತು ‘ಏನೂ ಆಗಂಗಿಲ್ಲ’ ಅನ್ನೋ ಮಾತು

ಇವತ್ತಿನ ವಿಷಯ ಗಂಡಸರು ನಾಲ್ಕು ಜನರ ಮುಂದೆ ಬಾಯಿ ಬಿಡದ ವಿಷಯ: ಮೂತ್ರದ ತೊಂದರೆ. ಮುಜುಗರ ಅನ್ನಿಸಿದವರು ಕೊನೆಯವರೆಗೆ ಓದಿ, ಆಮೇಲೆ ಬೇಕಾದರೆ ಬೈಯಿರಿ.

ನಮ್ಮದು ಸಿರುಗುಪ್ಪ ತಾಲೂಕಿನ ದೇಶನೂರು. ನಮ್ಮ ಕಡೆಯ ಹಿರಿಯರು ರಾತ್ರಿ ನಾಲ್ಕು ಸಲ ಎದ್ದು ಹೊರಗೆ ಹೋಗಿ ಬರುತ್ತಾರೆ. ಮಕ್ಕಳು ಕೇಳಿದರೆ ‘ವಯಸ್ಸಾತಲ್ಲಪ’ ಅಂತ ಮಾತು ಮುಗಿಸುತ್ತಾರೆ. ವಯಸ್ಸಾದಂತೆ ಪ್ರಾಸ್ಟೇಟ್ ಗ್ರಂಥಿ ಬೆಳೆದು ಮೂತ್ರದ ದಾರಿಯನ್ನು ಒತ್ತುವುದು ಬಹಳ ಸಾಮಾನ್ಯ. ಇದು ಕ್ಯಾನ್ಸರ್ ಅಲ್ಲ. ಆದರೆ ಕೆಲವರಲ್ಲಿ ಅಲಕ್ಷ್ಯ ಮಾಡಿದರೆ ಒಂದು ದಿನ ಮೂತ್ರ ಪೂರಾ ಕಟ್ಟುತ್ತದೆ, ಕಿಡ್ನಿಗೂ ಪೆಟ್ಟು ಬೀಳುತ್ತದೆ.

ಈ ಸಂಕೋಚವೇ ಚೂರ್ಣ ಮಾರುವವರ ಬಂಡವಾಳ. ‘ಆಪರೇಷನ್ ಇಲ್ಲದೆ ಗಡ್ಡೆ ಕರಗುತ್ತೆ, ಬೇರು ನಾರು ಅದು, ಏನೂ ಆಗಂಗಿಲ್ಲ.’ ನನ್ನ ಜಗಳ ಗಿಡದ ಮೇಲಲ್ಲ, ಈ ಮಾತಿನ ಮೇಲೆ.

ಮೊದಲನೆಯದಾಗಿ, ಇಂಥ ಜಾಹೀರಾತೇ ಕಾನೂನಿಗೆ ವಿರುದ್ಧ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ, ಯಾವ ಯಾವ ಕಾಯಿಲೆಗೆ ಔಷಧಿಯ ಪ್ರಚಾರ ಮಾಡಬಾರದು ಅಂತ ಪಟ್ಟಿಯನ್ನೇ ಕೊಟ್ಟಿದೆ. ಅದರಲ್ಲಿ ಪ್ರಾಸ್ಟೇಟ್ ಗ್ರಂಥಿಯ ತೊಂದರೆಗಳೂ ಇವೆ.

ಎರಡನೆಯದು, ‘ನಮ್ಮ ಮಾವನಿಗೆ ವಾಸಿ ಆಯ್ತು’ ಅನ್ನುವ ಸಾಕ್ಷಿ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅಮೆರಿಕದ ಸಾ ಪಾಮೆಟ್ಟೊ ಎಂಬ ಕುಳ್ಳ ತಾಳೆಯ ಕಥೆ ಕೇಳಿ. ಇದೇ ತೊಂದರೆಗೆ ಅಲ್ಲಿ ಲಕ್ಷಾಂತರ ಜನ ಅದನ್ನು ನುಂಗಿದರು. 2006ರಲ್ಲಿ 225 ಗಂಡಸರ ಮೇಲೆ ಒಂದು ವರ್ಷ ನಡೆದ ಪರೀಕ್ಷೆಯ ಫಲಿತಾಂಶ ಬಂತು: ಉತ್ತುತ್ತಿ ಮಾತ್ರೆಗೂ ಅದಕ್ಕೂ ವ್ಯತ್ಯಾಸವಿಲ್ಲ. ಡೋಸ್ ಕಡಿಮೆ ಆಯಿತೇನೋ ಅಂತ ಮೂರು ಪಟ್ಟಿನವರೆಗೆ ಏರಿಸಿ 369 ಜನರ ಮೇಲೆ ಪರೀಕ್ಷೆ ಮಾಡಿದರು. 2011ರಲ್ಲಿ ಉತ್ತರ ಬಂತು. 72 ವಾರಗಳ ನಂತರ ತೊಂದರೆಯ ಅಂಕ ಔಷಧಿ ತಿಂದವರಲ್ಲಿ ಸರಾಸರಿ 2.20 ಇಳಿದಿತ್ತು, ಬರೀ ಉತ್ತುತ್ತಿ ಮಾತ್ರೆ ತಿಂದವರಲ್ಲಿ 2.99! ಅಂದರೆ ಏನೂ ಇಲ್ಲದ ಮಾತ್ರೆ ತಿಂದವರೂ ‘ನನಗೆ ವಾಸಿ’ ಅಂದಿದ್ದರು. ಈ ತೊಂದರೆ ತಾನಾಗಿಯೇ ಏರಿಳಿಯುತ್ತದೆ, ನಂಬಿಕೆಯೂ ಸ್ವಲ್ಪ ಕೆಲಸ ಮಾಡುತ್ತದೆ. ಇನ್ನು ನಮ್ಮ ಮಾವನ ಸಾಕ್ಷಿಯನ್ನು ಎಲ್ಲಿಡೋಣ?

ಎಲ್ಲ ಗಿಡಮೂಲಿಕೆಯೂ ದಂಡ ಅಂತ ಹೇಳಲು ನಾನು ತಯಾರಿಲ್ಲ. ಗಿಡಗಳಲ್ಲಿ ಸಿಗುವ ಬೀಟಾ ಸಿಟೊಸ್ಟೆರಾಲ್ ಅನ್ನು 1995ರಲ್ಲಿ ಜರ್ಮನಿಯಲ್ಲಿ 200 ಜನರ ಮೇಲೆ ಪರೀಕ್ಷಿಸಿದಾಗ ಮೂತ್ರದ ಹರಿವು ಸುಧಾರಿಸಿತ್ತು. ಆದರೆ ಗ್ರಂಥಿ ಚಿಕ್ಕದಾಗಲಿಲ್ಲ. ‘ಕರಗುತ್ತೆ’ ಅನ್ನುವವರು ಇದನ್ನು ಗಮನಿಸಬೇಕು.

ಮೂರನೆಯದು, ‘ಏನೂ ಆಗಂಗಿಲ್ಲ’. ಪಿಸಿ-ಸ್ಪೆಸ್ ಅಂತ ಎಂಟು ಮೂಲಿಕೆಗಳ ಮಾತ್ರೆಯೊಂದು ಅಮೆರಿಕದಲ್ಲಿ ಪ್ರಾಸ್ಟೇಟ್ ಹೆಸರಲ್ಲಿ ಮಾರಾಟವಾಗುತ್ತಿತ್ತು. ಅದರೊಳಗೆ ರಕ್ತ ತೆಳು ಮಾಡುವ ವಾರ್ಫರಿನ್ ಬೆರೆತಿರುವುದು ಪತ್ತೆಯಾಗಿ 2002ರಲ್ಲಿ ಅದನ್ನು ವಾಪಸ್ ತೆಗೆದುಕೊಂಡರು. ಡಬ್ಬಿಯ ಮೇಲೆ ಎಲೆಯ ಚಿತ್ರ ಇದ್ದಮಾತ್ರಕ್ಕೆ ಒಳಗೂ ಎಲೆಯೇ ಇರಬೇಕಾ?

‘ನೀನು ಇಂಗ್ಲಿಷ್ ಔಷಧಿ ಏಜೆಂಟಾ?’ ಅನ್ನುವವರಿಗೆ: ಟ್ಯಾಮ್ಸುಲೋಸಿನ್‌ನಿಂದ ತಲೆ ಸುತ್ತಬಹುದು, ಫಿನಾಸ್ಟರೈಡ್ ತಿಂಗಳುಗಟ್ಟಲೆ ತಿನ್ನಬೇಕು, ಅದಕ್ಕೂ ಅಡ್ಡಪರಿಣಾಮ ಇವೆ. ಆದರೆ ಅವು ಎಷ್ಟು ಕೆಲಸ ಮಾಡುತ್ತವೆ, ಎಲ್ಲಿ ಕೈಕೊಡುತ್ತವೆ ಅಂತ ಅಳೆದು ಬರೆದಿಟ್ಟಿದ್ದಾರೆ. ನಮ್ಮ ಹೊಲದ ಬದುವಿನಲ್ಲಿ ಕಾಲಿಗೆ ಚುಚ್ಚುವ ನೆಗ್ಗಿಲು ಮುಳ್ಳೇ ಆಯುರ್ವೇದದ ಗೋಕ್ಷುರ. ಅದನ್ನೂ ಇದೇ ತಕ್ಕಡಿಗೆ ಹಾಕಿ ತೂಗಿ ಅಂತ ಕೇಳಿದರೆ ಅದು ಆಯುರ್ವೇದಕ್ಕೆ ಅವಮಾನ ಹೇಗಾಗುತ್ತದೆ? ತೂಗದೆ ಮಾರುವುದೇ ಅವಮಾನ.

ಬ್ಲಾಗಿನ ಗೆಳೆಯರೇ, ಮನೆಮದ್ದಿನ ಬಗ್ಗೆ ಖಂಡಿತ ಬರೆಯಿರಿ. ಜೊತೆಗೆ ಎರಡು ಸಾಲು ಸೇರಿಸಿ: ಮೂತ್ರ ಕಟ್ಟಿದರೆ, ರಕ್ತ ಕಂಡರೆ, ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಯಾವ ಚೂರ್ಣ ತಿನ್ನುತ್ತಿದ್ದರೂ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಸಿರುಗುಪ್ಪದಿಂದ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಐವತ್ತು ಕಿಲೋಮೀಟರಿಗೂ ಮೇಲೆ. ಮೂತ್ರ ಕಟ್ಟಿದ ಮುದುಕನನ್ನು ನಡುರಾತ್ರಿ ಅಷ್ಟು ದೂರ ಒಯ್ಯುವ ಸಂಕಟದ ಮುಂದೆ ಇವತ್ತಿನ ನಾಚಿಕೆ ಬಹಳ ಸಣ್ಣದು. ಇವತ್ತು ರಾತ್ರಿ ನಿಮ್ಮ ಅಪ್ಪನನ್ನೋ ದೊಡ್ಡಪ್ಪನನ್ನೋ ಒಮ್ಮೆ ಕೇಳಿ ನೋಡಿ.