38 ಲೀಟರಿನ ಕಡಲು

ಬಿಟ್ಟುಹೋದವರು ಒಬ್ಬೊಬ್ಬರಾಗಿ ಮರಳಿ ಬರುತ್ತಿದ್ದಾರೆ. ತೊಂಬತ್ತರ ದಶಕದಲ್ಲಿ ಹಜಾರದ ಒಂದು ಗೋಡೆಯನ್ನೇ ಗಾಜಿನ ತೊಟ್ಟಿಗೆ ಬಿಟ್ಟುಕೊಟ್ಟು, ಅದರ ಕೆಳಗೆ ಸಂಪು, ಬಗಲಲ್ಲಿ ನೊರೆಯೊಡನೆ ಕೊಳೆ ತೆಗೆಯುವ ಸ್ಕಿಮ್ಮರ್, ನೆತ್ತಿಯ ಮೇಲೆ ಕೆಂಡದಂಥ ಮೆಟಲ್ ಹ್ಯಾಲೈಡ್ ದೀಪ ತೂಗಿಬಿಟ್ಟು, ಕರೆಂಟ್ ಬಿಲ್ಲನ್ನು ಮನೆಯವರ ಕಣ್ಣಿಗೆ ಬೀಳದಂತೆ ಕಟ್ಟುತ್ತಿದ್ದ ಪೀಳಿಗೆ ಇದು. ಸಾಫ್ಟ್‌ವೇರ್ ಕೆಲಸ ಹಿಡಿದು ಅಮೆರಿಕಕ್ಕೆ ಹೋದ ಕನ್ನಡಿಗರೂ ಇದರಲ್ಲಿದ್ದರು. ಮಕ್ಕಳಾದವು, ಊರು ಬದಲಾಯಿತು, ತೊಟ್ಟಿ ಸಿಕ್ಕ ಬೆಲೆಗೆ ಹೋಯಿತು. ಈಗ ಮಕ್ಕಳು ದೊಡ್ಡವರಾಗಿ ಮನೆ ಬಿಟ್ಟ ಮೇಲೆ, ಮೇಜಿನ ಮೂಲೆಯಲ್ಲಿ 10 ಗ್ಯಾಲನ್ನಿನ, ಅಂದರೆ 38 ಲೀಟರಿನ ಪುಟ್ಟ ತೊಟ್ಟಿಯೊಂದು ಬೆಳಗುತ್ತಿದೆ. ಅಂದು ಈ ಅಳತೆಯಲ್ಲಿ ಹವಳ ಸಾಕುತ್ತೇನೆ ಎಂದವನಿಗೆ ಬಲ್ಲವರು ಬೇಡವೆಂದೇ ಬುದ್ಧಿ ಹೇಳುತ್ತಿದ್ದರು. ಮನೆಯೊಳಗಿನ ಹವಳದ ದಿಬ್ಬ ಜನಸಾಮಾನ್ಯರ ಹವ್ಯಾಸವಾಗಿ ಇಂದಿಗೆ ಸುಮಾರು 4 ದಶಕ. ಪಡೆದದ್ದೇನು, ಕಳೆದದ್ದೇನು ಎಂದು ಲೆಕ್ಕ ಹಾಕಲು ಇದು ಸರಿಯಾದ ಹೊತ್ತು.

ಅದಕ್ಕೂ ಹಿಂದಿನ ಕಾಲವನ್ನು ಕಂಡವರಿಗೆ ಆಗಿನ ತೊಟ್ಟಿಗಳು ನೆನಪಿರಬೇಕು. ತಳದಲ್ಲಿ ಜಲ್ಲಿ, ಜಲ್ಲಿಯ ಅಡಿಯಲ್ಲಿ ಪ್ಲಾಸ್ಟಿಕ್ ಜಾಲರಿ, ನಡುವೆ ಬಿಳುಚಿದ ಸತ್ತ ಹವಳದ ಎಲುಬುಗೂಡು, ಅದರ ಸುತ್ತ ಗೊತ್ತುಗುರಿಯಿಲ್ಲದೆ ಸುತ್ತುವ ನಾಲ್ಕು ಬಣ್ಣದ ಮೀನು. ಅರವತ್ತರ ದಶಕದಲ್ಲಿ ಇನ್‌ಸ್ಟಂಟ್ ಓಷನ್‌ನಂಥ ಉಪ್ಪಿನ ಪುಡಿ ಬಂದ ಮೇಲೆ ಕಡಲಿನಿಂದ ನೂರಾರು ಮೈಲಿ ದೂರದವರಿಗೂ ಕಡಲ ನೀರು ಸಿಕ್ಕಿತು. ಆ ನೀರಿನಲ್ಲಿ ಕಡಲ ಜೀವ ಉಳಿಸುವ ವಿದ್ಯೆ ಮಾತ್ರ ಸಿಗಲಿಲ್ಲ. ಹವಳ ತಂದರೆ ಕೆಲವೇ ತಿಂಗಳಲ್ಲಿ ಕರಗುತ್ತಿತ್ತು. ವಿಚಿತ್ರವೆಂದರೆ ಉತ್ತರ ಆಗಲೇ ಅಚ್ಚಾಗಿತ್ತು. ಜಕಾರ್ತದ ಲೀ ಚಿನ್ ಎಂಗ್ 1961ರಲ್ಲೇ ಅಮೆರಿಕದ ಪತ್ರಿಕೆಯೊಂದರಲ್ಲಿ ತಮ್ಮ ಕ್ರಮವನ್ನು ವಿವರಿಸಿದ್ದರು: ಕಡಲಿನಿಂದ ತಂದ ಜೀವಂತ ಬಂಡೆ, ಒಳ್ಳೆಯ ಬೆಳಕು, ಗಾಳಿಯ ಗುಳ್ಳೆ, ಅಷ್ಟೇ. ಕಡಲ ದಂಡೆಯಲ್ಲಿದ್ದವನಿಗೆ ಅದೇನು ಮಹಾ ಎಂದು ಜನ ಪುಟ ಮಗುಚಿದರು. ಎಪ್ಪತ್ತರ ದಶಕದಲ್ಲಿ ಪೀಟರ್ ವಿಲ್ಕೆನ್ಸ್ ಜರ್ಮನ್ ಭಾಷೆಯಲ್ಲಿ ಬರೆದು, ಹವಳಕ್ಕೆ ಬೇಕಾದ ಕ್ಯಾಲ್ಸಿಯಂ ಒದಗಿಸಲು ಸುಣ್ಣದ ತಿಳಿಯನ್ನು ಹನಿಹನಿಯಾಗಿ ತೊಟ್ಟಿಗೆ ಬಿಡುವುದನ್ನು ಕಲಿಸಿದರು. ಭಾಷೆಯ ಗೋಡೆ ದಾಟಲು ಆ ಮಾತಿಗೂ ಬಹಳ ಕಾಲ ಬೇಕಾಯಿತು.

1986ರಲ್ಲಿ ಹವಳದ ತೊಟ್ಟಿಯ ಬಗ್ಗೆ ಜಾರ್ಜ್ ಸ್ಮಿಟ್ ಅವರ ಲೇಖನಮಾಲೆ ಅಮೆರಿಕದಲ್ಲಿ ಬಂತು. ಹಾಲೆಂಡಿನಲ್ಲಿ ರೂಪುಗೊಂಡ ತೊಟ್ಟಿ, ಅದರಲ್ಲಿ ಅರಳಿ ನಿಂತ ಹವಳ, ಪಕ್ಕದಲ್ಲಿ ಪ್ಲಾಸ್ಟಿಕ್ ಚೆಂಡುಗಳ ಮೇಲೆ ನೀರು ಜಿನುಗಿಸುವ ಟ್ರಿಕಲ್ ಫಿಲ್ಟರ್. ಅಮೆರಿಕದ ಹವ್ಯಾಸಿಗಳು ಆ ಚಿತ್ರಗಳಿಗೆ ಮರುಳಾದರು. ಕೊಟ್ಟ ಭರವಸೆ ದೊಡ್ಡದು: ಈ ಫಿಲ್ಟರ್ ಪೆಟ್ಟಿಗೆ ಕೊಂಡರೆ ನಿಮ್ಮ ಹಜಾರದಲ್ಲಿ ಹವಳದ ದಿಬ್ಬ ತಾನಾಗಿ ಬಾಳುತ್ತದೆ. ಪೆಟ್ಟಿಗೆ ಅಮೋನಿಯವನ್ನು ನೈಟ್ರೇಟ್ ಮಾಡುವುದರಲ್ಲಿ ಗಟ್ಟಿಗ. ಆ ನೈಟ್ರೇಟನ್ನು ಹೊರಹಾಕುವ ದಾರಿ ಅದಕ್ಕಿರಲಿಲ್ಲ. ಕೆಲಸ ಮಾಡುತ್ತಿದ್ದದ್ದು ತೊಟ್ಟಿಯೊಳಗಿದ್ದ ಬಂಡೆ ಎಂಬುದು ಬರ್ಲಿನ್ನಿನ ಹವ್ಯಾಸಿಗಳಿಗೆ ಹೊಳೆದಿತ್ತು. ರಂಧ್ರ ತುಂಬಿದ ಬಂಡೆಯ ಹೊರಮೈಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ, ಆಮ್ಲಜನಕ ತಲುಪದ ಒಳಗುಹೆಯಲ್ಲಿ ಇನ್ನೊಂದು ಬಗೆ. ಎರಡೂ ಸೇರಿ ಕೊಳೆಯನ್ನು ಸಾರಜನಕವಾಗಿಸಿ ಗಾಳಿಗೆ ಬಿಡುತ್ತವೆ. ಬಂಡೆ, ಬಲವಾದ ಸ್ಕಿಮ್ಮರ್, ಪ್ರಖರ ಬೆಳಕು, ಸುಣ್ಣದ ತಿಳಿ: ಬರ್ಲಿನ್ ಪದ್ಧತಿಯೆಂದರೆ ಇಷ್ಟೇ. ಅದೇ ನಗರದ ಡೀಟ್ರಿಷ್ ಸ್ಟೂಬರ್ ಅವರ ತೊಟ್ಟಿಯಲ್ಲಿ ಬೆಳೆದ ಅಕ್ರೊಪೊರಾ ಹವಳವನ್ನು ಮುರಿದು ಮುರಿದು, ದಾಸವಾಳದ ಗೆಲ್ಲು ನೆಟ್ಟ ಹಾಗೆ, ಮನೆಯಿಂದ ಮನೆಗೆ ಹಂಚಿದರು. ಇಂದು ಫ್ರ್ಯಾಗ್ ಎನ್ನುವ ತುಂಡಿನ ಸಂಸ್ಕೃತಿಗೆ ಮೂಲ ಅಂಥ ಹಂಚಿಕೆ. 1994ರಲ್ಲಿ ಡೆಲ್ಬೀಕ್ ಮತ್ತು ಸ್ಪ್ರಂಗ್ ಅವರ ‘ದಿ ರೀಫ್ ಅಕ್ವೇರಿಯಂ’ ಮೊದಲ ಸಂಪುಟ ಬಂದಾಗ ಈ ತಿಳಿವೆಲ್ಲ ಒಂದೆಡೆ ಸಿಕ್ಕಿತು. ಪ್ಲಾಸ್ಟಿಕ್ ಚೆಂಡುಗಳು ಅಟ್ಟ ಸೇರಿದವು.

ತೊಂಬತ್ತರ ದಶಕದ ಆ ಸುಖವನ್ನು ಇಂದಿನವರಿಗೆ ವಿವರಿಸುವುದು ಕಷ್ಟ. ಒದ್ದೆ ಕಾಗದದಲ್ಲಿ ಸುತ್ತಿದ ಲೈವ್ ರಾಕ್, ಅಂದರೆ ಜೀವಂತ ಬಂಡೆಯ ಪೆಟ್ಟಿಗೆ ವಿಮಾನ ನಿಲ್ದಾಣದಿಂದ ಬರುತ್ತಿತ್ತು. ಬಿಚ್ಚಿದ ಕೂಡಲೇ ಸತ್ತ ಸ್ಪಂಜಿನ ನಾತ ಮನೆಯೆಲ್ಲ ಹರಡುತ್ತಿತ್ತು. ವಾರಗಟ್ಟಲೆ ಕತ್ತಲೆಯಲ್ಲಿಟ್ಟು, ನೀರು ಬದಲಿಸಿ ಬದಲಿಸಿ ಅದನ್ನು ಪಳಗಿಸಬೇಕು. ಆಮೇಲೆ ಶುರು. ಬರಿಗಲ್ಲೆಂದುಕೊಂಡ ಜಾಗದಲ್ಲಿ ನೇರಳೆ ಬಣ್ಣದ ಕೊರಲೈನ್ ಪಾಚಿ ಹಬ್ಬುತ್ತದೆ, ಗರಿ ಬಿಚ್ಚುವ ಹುಳು ತಲೆ ಹಾಕುತ್ತದೆ, ಹೆಸರು ಗೊತ್ತಿಲ್ಲದ, ಪಾಲಿಪ್ ಎಂಬ ಹೂವಿನಂಥ ಪುಟ್ಟ ಜೀವಿಯೊಂದು ಕಣ್ಣು ಬಿಡುತ್ತದೆ. ರಾತ್ರಿ ಎಲ್ಲೋ ಟಕ್ ಎಂದು ಸದ್ದಾದರೆ ಮ್ಯಾಂಟಿಸ್ ಸಿಗಡಿ ಒಳಗೆ ಸೇರಿದೆ ಎಂಬ ಗುಮಾನಿ. ಟಾರ್ಚ್ ಹಿಡಿದು ಕಾಯುವುದು, ಬಲೆ ಒಡ್ಡುವುದು, ಬೆಳಗಿನ ಆಫೀಸಿನಲ್ಲಿ ತೂಕಡಿಸುವುದು. ಕಳೆಯಂತೆ ಹಬ್ಬುವ ಐಪ್ಟೇಸಿಯಾ ಎಂಬ ಅನಿಮೋನಿ ಬೇರೆ. ಹಣ ಕೊಟ್ಟು ಕೊಂಡದ್ದಕ್ಕಿಂತ ಕೇಳದೆ ಬಂದ ಅತಿಥಿಗಳೇ ಹೆಚ್ಚು.

ಅದೇ ವರ್ಷಗಳ ಇನ್ನೊಂದು ಮುಖವನ್ನು ಆಗ ಯಾರೂ ಅಷ್ಟಾಗಿ ನೋಡಲಿಲ್ಲ. ಸುಲಾವೆಸಿಯ ಬಂಗ್ಗಾಯ್ ದ್ವೀಪಗಳಲ್ಲಿ ಮಾತ್ರ ಸಿಗುವ ಕಪ್ಪು ಬಿಳಿ ಪಟ್ಟೆಯ ಕಾರ್ಡಿನಲ್ ಮೀನಿಗೆ 1933ರಲ್ಲಿ ಹೆಸರಿಟ್ಟು ವಿಜ್ಞಾನ ಮರೆತೇಬಿಟ್ಟಿತ್ತು. ತೊಂಬತ್ತರ ದಶಕದ ನಡುವೆ ಮೀನುಶಾಸ್ತ್ರಜ್ಞ ಜೆರಾಲ್ಡ್ ಆಲನ್ ಅದನ್ನು ಮತ್ತೆ ಬೆಳಕಿಗೆ ತಂದರು. ಕೆಲವೇ ವರ್ಷಗಳಲ್ಲಿ ಲಕ್ಷಗಟ್ಟಲೆ ಮೀನು ಹಿಡಿದು ರಫ್ತಾಯಿತು. ಮೊಟ್ಟೆಯನ್ನೂ ಮರಿಯನ್ನೂ ಗಂಡು ಬಾಯಲ್ಲಿಟ್ಟು ಕಾಯುತ್ತದೆ, ಮರಿಗಳು ಪ್ರವಾಹದಲ್ಲಿ ತೇಲಿ ದೂರ ಹೋಗುವುದಿಲ್ಲ. ಹಾಗಾಗಿ ಒಂದು ಕೊಲ್ಲಿ ಬರಿದಾದರೆ ಬೇರೆ ಕೊಲ್ಲಿಯಿಂದ ತುಂಬುವ ಸಾಧ್ಯತೆ ತೀರ ಕಡಿಮೆ. 2007ರಲ್ಲಿ ಅದು ಐಯುಸಿಎನ್‌ನ ಅಪಾಯದಂಚಿನ ಜೀವಿಗಳ ಪಟ್ಟಿ ಸೇರಿತು. ಬಾಯಲ್ಲಿ ಮರಿ ಸಾಕುವ ಮೀನಾದ್ದರಿಂದ ಮನೆಯ ತೊಟ್ಟಿಯಲ್ಲೇ ಸುಲಭವಾಗಿ ಮರಿಮಾಡಿಸಬಹುದಿತ್ತು ಎಂಬುದು ಈ ಕಥೆಯ ನೋವಿನ ಭಾಗ. ಫಿಲಿಪ್ಪೀನ್ಸಿನಲ್ಲಿ ಅರವತ್ತರ ದಶಕದಿಂದಲೂ ಸಯನೈಡ್ ಚಿಮುಕಿಸಿ ಮೀನಿಗೆ ಮಂಪರು ತರಿಸಿ ಹಿಡಿಯುತ್ತಿದ್ದ ವಿಷಯವಂತೂ ಎಲ್ಲರಿಗೂ ಗೊತ್ತಿತ್ತು. ಕೊಂಡ ಮೀನು ಕಾರಣವಿಲ್ಲದೆ ಸತ್ತಾಗ ನೆನಪಾಗುತ್ತಿತ್ತು, ಮುಂದಿನ ಮೀನು ಕೊಳ್ಳುವಾಗ ಮರೆಯುತ್ತಿತ್ತು.

1998ರಲ್ಲಿ ಕಡಲು ಬಿಸಿಯೇರಿ ಲಕ್ಷದ್ವೀಪದಿಂದ ಮಾಲ್ಡೀವ್ಸ್‌ವರೆಗೆ ಹವಳಗಳು ಬೆಳ್ಳಗಾದವು. 2001ರಲ್ಲಿ ಭಾರತ ಸರ್ಕಾರ ಎಲ್ಲ ಕಲ್ಲುಹವಳಗಳನ್ನು, ಕಡಲ ಬೀಸಣಿಗೆಗಳನ್ನು, ಕಡಲ್ಗುದುರೆಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಹುಲಿ ಇರುವ ಪಟ್ಟಿಗೇ ಸೇರಿಸಿತು. ನಮ್ಮ ಕಡಲಿನ ಹವಳವನ್ನು ಮನೆಗೆ ತರುವ ದಾರಿ ಅಲ್ಲಿಗೆ ಮುಚ್ಚಿತು. ಮುರ್ಡೇಶ್ವರದಾಚೆಯ ನೇತ್ರಾಣಿಯ ಹವಳವನ್ನು ನೋಡಬೇಕೆಂದವರು ನೀರಿಗಿಳಿದು ನೋಡಬೇಕು. ಒಳ್ಳೆಯದೇ ಆಯಿತು. ಬೆಂಗಳೂರಿನ ಹವ್ಯಾಸಿಗಳು ಅಮೆರಿಕದ ಗೆಳೆಯರ ತೊಟ್ಟಿಯ ಚಿತ್ರ ನೋಡಿ ನಿಟ್ಟುಸಿರು ಬಿಟ್ಟದ್ದುಂಟು, ಆದರೆ ಮನ್ನಾರ್ ಕೊಲ್ಲಿಯಲ್ಲಿ ಸುಣ್ಣಕ್ಕೂ ಕಟ್ಟಡಕ್ಕೂ ಹವಳ ಅಗೆದ ದಶಕಗಳನ್ನು ಬಲ್ಲವರಿಗೆ ಆ ನಿಷೇಧದ ಅಗತ್ಯವನ್ನು ಯಾರೂ ಹೇಳಿಕೊಡಬೇಕಿಲ್ಲ. ಬಾಗಿಲು ಮುಚ್ಚಿದ್ದರಿಂದ ಕಿಟಕಿಯೊಂದು ತೆರೆಯಿತು ಎನ್ನಬಹುದು: ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿಮಾಡಿಸಿದರು, ಲಕ್ಷದ್ವೀಪದ ಅಗತ್ತಿಯಲ್ಲಿ ದ್ವೀಪದ ಹೆಣ್ಣುಮಕ್ಕಳು ಅಲಂಕಾರಿಕ ಸಿಗಡಿ ಮತ್ತು ಮೀನು ಸಾಕುವುದನ್ನು ಕಲಿತರು. 2017ರಲ್ಲಿ ಕೇಂದ್ರವು ಕ್ಲೌನ್ ಮೀನೂ ಸೇರಿ 158 ಬಗೆಯ ಮೀನುಗಳ ಮಾರಾಟವನ್ನೇ ನಿಷೇಧಿಸುವ ನಿಯಮ ತಂದಾಗ ಸಾಕಿದ ಮೀನಿಗೂ ಹಿಡಿದ ಮೀನಿಗೂ ಭೇದವೇ ಉಳಿದಿರಲಿಲ್ಲ; ಆ ನಿಯಮ ಬಹುಕಾಲ ನಿಲ್ಲಲಿಲ್ಲ.

ಸಣ್ಣ ತೊಟ್ಟಿಗೆ ಮರ್ಯಾದೆ ಬಂದದ್ದು ಹೊಸ ಶತಮಾನದ ಮೊದಲ ದಶಕದಲ್ಲಿ. ಅದುವರೆಗಿನ ಶಾಸ್ತ್ರ ಸರಳವಾಗಿತ್ತು: ನೀರು ಹೆಚ್ಚಿದ್ದಷ್ಟೂ ತಪ್ಪಿಗೆ ಜಾಗ ಹೆಚ್ಚು. ಶಾಸ್ತ್ರ ಸುಳ್ಳಲ್ಲ. 38 ಲೀಟರಿನ ತೊಟ್ಟಿಯಲ್ಲಿ ಬಂಡೆ, ಮರಳು ಕಳೆದರೆ ಉಳಿಯುವ ನೀರು 30 ಲೀಟರ್ ಇರಬಹುದು. ಅದರಲ್ಲಿ ಒಂದೂವರೆ ಲೀಟರ್ ಆವಿಯಾಯಿತೆನ್ನಿ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಸಾವಿರಕ್ಕೆ 35 ಪಾಲಿದ್ದ ಲವಣಾಂಶ 37ರ ಹತ್ತಿರಕ್ಕೆ ಏರುತ್ತದೆ. ದೊಡ್ಡ ತೊಟ್ಟಿಯಲ್ಲಿ ಸತ್ತ ಬಸವನಹುಳು ಗಮನಕ್ಕೇ ಬರದು, ಇಲ್ಲಿ ಅದೇ ಸಾವು ಒಂದು ರಾತ್ರಿಯಲ್ಲಿ ಎಲ್ಲವನ್ನೂ ಮುಗಿಸಬಲ್ಲದು. ಹಾಗಿದ್ದೂ ಸಣ್ಣ ತೊಟ್ಟಿ ಗೆದ್ದದ್ದಕ್ಕೆ ಕಾರಣ, ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ನೀರು ಬದಲಿಸಲು ಇಲ್ಲಿ ಒಂದು ಸಣ್ಣ ಬಕೆಟ್ ಸಾಕು. ಸ್ಕಿಮ್ಮರ್ ಮಾಡುತ್ತಿದ್ದ ಕೆಲಸವನ್ನು ಬಕೆಟ್ ಮಾಡಿತು. ನಂತರ ಬಂದ ಎಲ್‌ಇಡಿ ದೀಪ ಬಿಸಿಯನ್ನೂ ಬಿಲ್ಲನ್ನೂ ಇಳಿಸಿತು. ಆವಿಯಾದ ನೀರನ್ನು ತಾನೇ ತುಂಬುವ ಪುಟ್ಟ ಪಂಪು ಊರಿಗೆ ಹೋಗುವ ಸ್ವಾತಂತ್ರ್ಯ ಕೊಟ್ಟಿತು.

ಇಷ್ಟು ಸಿಕ್ಕಿತು ಎನ್ನುವಾಗಲೇ ಹೋದದ್ದನ್ನೂ ಹೇಳಬೇಕು. ಫಿಜಿ 2017ರ ಕೊನೆಯಲ್ಲಿ, ಇಂಡೋನೇಷ್ಯಾ 2018ರಲ್ಲಿ ಹವಳ ರಫ್ತನ್ನು ನಿಲ್ಲಿಸಿದವು. ಇಂಡೋನೇಷ್ಯಾ ಮುಂದೆ ಕಡಲ ತೋಟಗಳಲ್ಲಿ ಬೆಳೆಸಿದ್ದಕ್ಕೆ ಮತ್ತೆ ಅವಕಾಶ ಕೊಟ್ಟಿತು. ಕಡಲಿನ ಲೈವ್ ರಾಕ್ ಅಪರೂಪವಾಗಿ, ಅದರ ಜಾಗಕ್ಕೆ ಗಣಿಯಿಂದ ಅಗೆದ ಒಣಕಲ್ಲೂ ಸಿಮೆಂಟಿನ ಬಂಡೆಯೂ ಬಂದವು. ಕಡಲಿನ ದೃಷ್ಟಿಯಿಂದ ಇದು ಲಾಭವೇ. ಆದರೆ ಬಾಟಲಿಯ ಬ್ಯಾಕ್ಟೀರಿಯಾ ಸುರಿದು ಎಬ್ಬಿಸಿದ ಒಣಕಲ್ಲಿನ ತೊಟ್ಟಿ ಮೊದಲ ವರ್ಷವೆಲ್ಲ ಕಂದು ಪಾಚಿಯೊಡನೆ ಗುದ್ದಾಡುತ್ತದೆ, ರಾತ್ರಿ ಟಾರ್ಚ್ ಹಿಡಿದರೆ ನೋಡಲು ಏನೂ ಇರುವುದಿಲ್ಲ. ಅದಕ್ಕಿಂತ ನನಗೆ ಹಿಡಿಸದ್ದು ಹವಳದ ಪೇಟೆ. ಗೆಳೆಯನೊಬ್ಬ ಸುಮ್ಮನೆ ಮುರಿದುಕೊಡುತ್ತಿದ್ದ ತುಂಡಿಗೆ ಇಂದು ರಂಗುರಂಗಿನ ಹೆಸರಿಟ್ಟು, ಕಡುನೀಲಿ ದೀಪದಡಿ ಚಿತ್ರ ತೆಗೆದು, ಪಾಲಿಪ್ ಎಣಿಸಿ ಬೆಲೆ ಕಟ್ಟುತ್ತಾರೆ. ಹಂಚಿಕೆಯಿಂದ ಹುಟ್ಟಿದ ಹವ್ಯಾಸ ಹರಾಜಿಗೆ ಬಂತು.

ಹವಾಯಿಯ ಹಳದಿ ಟ್ಯಾಂಗ್ ಮೀನಿನ ಕಥೆಯನ್ನು ಮಾತ್ರ ಸಂತೋಷದಿಂದ ಹೇಳಬಹುದು. ಅದರ ಮರಿಯ ಬಾಯಿ ಎಷ್ಟು ಕಿರಿದೆಂದರೆ ಸಾಕಣೆಯವರ ಬಳಿಯಿದ್ದ ಯಾವ ಆಹಾರವೂ ಒಳಗೆ ಹೋಗುತ್ತಿರಲಿಲ್ಲ. ವರ್ಷಗಳ ಸೋಲಿನ ನಂತರ 2015ರಲ್ಲಿ ಅಲ್ಲಿನ ಓಷಿಯಾನಿಕ್ ಇನ್‌ಸ್ಟಿಟ್ಯೂಟ್ ಕೋಪಿಪಾಡ್ ಎಂಬ ಸೂಕ್ಷ್ಮ ಜೀವಿಯ ಮರಿಗಳನ್ನು ಉಣ್ಣಿಸಿ ಅದನ್ನು ಬೆಳೆಸಿತು. ಎರಡು ವರ್ಷದಲ್ಲೇ, ಪರಿಸರದ ಮೇಲಿನ ಪರಿಣಾಮ ಪರಿಶೀಲಿಸದೆ ಅಕ್ವೇರಿಯಂಗಾಗಿ ಮೀನು ಹಿಡಿಯಲು ಪರವಾನಗಿ ಕೊಡಬಾರದೆಂದು ಹವಾಯಿಯ ಸರ್ವೋಚ್ಚ ನ್ಯಾಯಾಲಯ ಹೇಳಿತು. ಹೊಟ್ಟೆಪಾಡು ಹೋದ ಕೋನಾ ದಂಡೆಯ ಮುಳುಗುಗಾರರ ಮಾತೂ ಇದೆ, ಅದನ್ನು ತಳ್ಳಿಹಾಕಲಾಗದು. ಹವ್ಯಾಸಿಗೆ ಮಾತ್ರ ಸಾಕಿದ ಟ್ಯಾಂಗನ್ನೇ ಕೊಳ್ಳುವ ಆಯ್ಕೆ ಮೊದಲ ಸಲ ನಿಜವಾಯಿತು.

ತೊಟ್ಟಿಯಲ್ಲಿ ಹವಳ ಕಂಡವರು ಕಡಲಿನ ಹವಳವನ್ನು ಕಾಯುತ್ತಾರೆ ಎಂಬುದು ತೊಂಬತ್ತರ ದಶಕದಲ್ಲಿ ನಾವೆಲ್ಲ ಆಡುತ್ತಿದ್ದ ಮಾತು. 2024ರ ಏಪ್ರಿಲ್‌ನಲ್ಲಿ ನಾಲ್ಕನೆಯ ಜಾಗತಿಕ ಬಿಳುಚುವಿಕೆ ಘೋಷಣೆಯಾದಾಗ ಆ ಮಾತು ಬಡವಾಗಿ ಕೇಳಿಸಿತು. ಕಡಲನ್ನು ಕಾಯಿಸುತ್ತಿರುವುದು ಮೀನಿನಂಗಡಿಯಲ್ಲ, ಅದನ್ನು ತಂಪಾಗಿಸುವುದೂ ನಮ್ಮ ಕೈಯಲ್ಲಿಲ್ಲ. ಭರವಸೆ ಬೇರೆ ಬಾಗಿಲಿನಿಂದ ಸ್ವಲ್ಪ ಈಡೇರಿತು. ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದ ಜೇಮಿ ಕ್ರ್ಯಾಗ್ಸ್ ಮತ್ತು ಸಂಗಡಿಗರು ಋತು, ಬಿಸಿಲು, ಬೆಳದಿಂಗಳನ್ನು ತೊಟ್ಟಿಯ ಮೇಲೆ ಯಂತ್ರದಿಂದ ಅನುಕರಿಸಿ ಹವಳ ಮೊಟ್ಟೆಯಿಡುವಂತೆ ಮಾಡಿದರು. ಆ ವಿದ್ಯೆಯ ನೆರವಿನಿಂದ 2019ರಲ್ಲಿ ಫ್ಲಾರಿಡಾ ಅಕ್ವೇರಿಯಂನಲ್ಲಿ ಅಟ್ಲಾಂಟಿಕ್ ಕಡಲಿನ ಕಂಬಹವಳ ಮೊಟ್ಟೆ ಬಿಟ್ಟಿತು. ರೋಗದಿಂದ ಅದು ಫ್ಲಾರಿಡಾದ ಕರಾವಳಿಯಲ್ಲಿ ಬಹುಮಟ್ಟಿಗೆ ನಾಶವಾಗಿತ್ತು. ಬಂಡೆ, ಬೆಳಕು, ಕ್ಯಾಲ್ಸಿಯಂ ಎಂದು ಮನೆಮನೆಗಳಲ್ಲಿ ನಡೆದ ಪರದಾಟದ ಪಾಲೂ ಆ ತೊಟ್ಟಿಗಳಲ್ಲಿದೆ.

ಮರಳಿ ಬಂದವರ ಪುಟ್ಟ ತೊಟ್ಟಿಯಲ್ಲಿ ಈಗ ಸಾಮಾನ್ಯವಾಗಿ ಕಾಣುವುದು ಸಾಕಣೆ ಕೇಂದ್ರದ ಎರಡು ಕ್ಲೌನ್ ಮೀನು, ಗೆಳೆಯರು ಕೊಟ್ಟ ಕೆಲವು ಫ್ರ್ಯಾಗ್, ಸಿಗಡಿಯೊಂದು. ಟ್ಯಾಂಗ್‌ಗೆ ಅಲ್ಲಿ ಈಜಲು ಜಾಗವಿಲ್ಲ. ಅಂಗಡಿಯ ಗಾಜಿನ ಸಾಲಿನಲ್ಲಿ ಚಿಟ್ಟೆಮೀನುಗಳು, ರಾಸ್ ಮೀನುಗಳು ಬಹುಪಾಲು ಈಗಲೂ ಕಡಲಿನಿಂದಲೇ ಬರುತ್ತವೆ. ಎಲ್ಲಿಂದ ಬಂತು, ಹೇಗೆ ಹಿಡಿದರು ಎಂದು ಕೇಳಿದರೆ ಇಂಡೋನೇಷ್ಯಾ ಅಥವಾ ಫಿಲಿಪ್ಪೀನ್ಸ್ ಎಂಬ ಅರ್ಧ ಉತ್ತರ ಸಿಗುತ್ತದೆ. ಉಳಿದರ್ಧಕ್ಕೆ 4 ದಶಕಗಳ ನಂತರವೂ ಅಂಗಡಿಯಲ್ಲಿ ಚೀಟಿ ಕಾಣುವುದು ಅಪರೂಪ.