ಮರುಭೂಮಿಯ ಪಾಳೂರುಗಳು ಮತ್ತು ನಮ್ಮ ಸಾಹಸಕಥನಗಳು

ಜೈಸಲ್ಮೇರಿಗೆ ಹೋಗಿಬಂದವರು ಬರೆಯುವ ಕಥನಗಳಿಗೆ ಈಗ ಒಂದು ಸಿದ್ಧ ಅಚ್ಚು ಏರ್ಪಟ್ಟಿದೆ. ಬೆಳಿಗ್ಗೆ ಅಮರಸಾಗರ, ಅಲ್ಲಿಂದ ಲೋದ್ರವಾ, ಮಧ್ಯಾಹ್ನದ ಉರಿಬಿಸಿಲಿನಲ್ಲಿ ಕುಲಧರಾ, ಸಂಜೆಗೆ ಸಮ್ ಮರಳುದಿಣ್ಣೆಗಳ ಏರಿಳಿತ. ನಡುವೆ ಬಾಯಾರಿಕೆ, ದಾರಿ ತಪ್ಪುವ ಭಯ, ಪಾಳುಗೋಡೆಗಳ ನಡುವಿನ ರೋಮಾಂಚನ. ಒಂದೇ ದಿನದ ಚಾರಣದಲ್ಲಿ ಸಾವಿರ ವರ್ಷಗಳ ದರ್ಶನವಾಯಿತೆಂಬ ಘೋಷಣೆಯೊಂದಿಗೆ ಲೇಖನ ಮುಗಿಯುತ್ತದೆ. ಬಿಸಿಲಲ್ಲಿ ನಡೆಯುವವರ ಕಾಲ್ಬಲಕ್ಕೆ ನನ್ನ ಗೌರವವಿದೆ. ಆದರೆ ಇಂತಹ ಬರೆಹಗಳ ತಳದಲ್ಲಿ ಮರುಭೂಮಿಯೆಂದರೆ ಬರಿದು, ಪಾಳೂರೆಂದರೆ ವಾರಸುದಾರರಿಲ್ಲದ್ದು ಎಂಬ ಪೂರ್ವಗ್ರಹವೊಂದು ಅಡಗಿದೆ. ಅದನ್ನು ಸಾಹಿತ್ಯದ ವಿದ್ಯಾರ್ಥಿಗಳು ಪ್ರಶ್ನಿಸದೆ ಸ್ವೀಕರಿಸಬಾರದು.

ಮೊದಲು ಕುಲಧರಾವನ್ನೇ ನೋಡೋಣ. ಪಾಲಿವಾಲ ಬ್ರಾಹ್ಮಣರು ನೆಲೆಸಿದ್ದ, 19ನೆಯ ಶತಮಾನದಲ್ಲಿ ಬರಿದಾದ ಈ ಊರನ್ನು ಚಾರಣಿಗರೆಲ್ಲ 'ದೆವ್ವದ ಊರು' ಎಂದೇ ಪರಿಚಯಿಸುತ್ತಾರೆ. ದಿವಾನ ಸಲೀಮ್ ಸಿಂಗನು ಮುಖಂಡನ ಮಗಳ ಮೇಲೆ ಕಣ್ಣುಹಾಕಿದನಂತೆ. ಜನರೆಲ್ಲ ಒಂದೇ ರಾತ್ರಿಯಲ್ಲಿ ಶಾಪವಿತ್ತು ಹೊರಟುಹೋದರಂತೆ. ಐತಿಹ್ಯವಾಗಿ ಇದಕ್ಕೊಂದು ಬೆಲೆಯಿದೆ. ಜಾನಪದ ವಿದ್ವಾಂಸರು ಇದನ್ನು ಧಾರಾಳವಾಗಿ ಅಧ್ಯಯನ ಮಾಡಲಿ. ಇದನ್ನೇ ಚರಿತ್ರೆಯೆಂದು ಉಣಬಡಿಸುವುದು ಮಾತ್ರ ಅಪಚಾರ. ಸಲೀಮ್ ಸಿಂಗನ ಸುಲಿಗೆಯನ್ನೂ ಅದರಿಂದ ಪಾಲಿವಾಲರು ದೇಶ ಬಿಟ್ಟದ್ದನ್ನೂ ಕರ್ನಲ್ ಟಾಡ್ ರಾಜಸ್ಥಾನದ ಕುರಿತ ತನ್ನ ಗ್ರಂಥದಲ್ಲಿ ಬಹು ಹಿಂದೆಯೇ ದಾಖಲಿಸಿದ್ದಾನೆ. ಈ ಊರಿನ ಅವಶೇಷಗಳನ್ನು ಅಧ್ಯಯನ ಮಾಡಿದ ಇತಿಹಾಸಕಾರರು ಬತ್ತಿದ ಬಾವಿಗಳತ್ತ ಬೆರಳು ತೋರಿದ್ದಾರೆ. ಭೂಕಂಪವೂ ಕಾರಣವಾಗಿರಬಹುದೆಂದು ಭೂವಿಜ್ಞಾನಿಗಳು 2017ರಲ್ಲಿ ವಾದಿಸಿದರು. ತೆರಿಗೆ, ನೀರು, ನೆಲದ ನಡುಕ ಇವುಗಳ ಪೈಕಿ ಯಾವುದು ಎಷ್ಟರಮಟ್ಟಿಗೆ ಕಾರಣವೆಂಬುದು ಚರ್ಚೆಗೆ ಯೋಗ್ಯವಾದ ಪ್ರಶ್ನೆ. ದೆವ್ವದ ಕಥೆ ಆ ಚರ್ಚೆಯ ಬಾಗಿಲನ್ನೇ ಮುಚ್ಚುತ್ತದೆ. ಆಡಳಿತದ ಸುಲಿಗೆಗೆ ಸಿಕ್ಕಿ ಮನೆಮಠ ತೊರೆದವರ ಸಂಕಟ ಅಲ್ಲಿ ಪ್ರವಾಸಿಯ ಮೈನವಿರೇಳಿಸುವ ಸರಕಾಗಿಬಿಡುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ವರ್ಷಕ್ಕೆ 200 ಮಿಲಿಮೀಟರಿಗೂ ಕಡಿಮೆ ಮಳೆ ಬೀಳುವ ಸೀಮೆಯಲ್ಲಿ ಪಾಲಿವಾಲರು ಗೋಧಿ ಮತ್ತು ಕಡಲೆ ಬೆಳೆದವರು. ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ವ್ಯವಸ್ಥೆಗೆ 'ಖಡೀನ್' ಎಂದು ಹೆಸರು. ಸುತ್ತಲಿನ ಕಲ್ಲುನೆಲದ ಮೇಲೆ ಹರಿದುಬರುವ ಮಳೆನೀರನ್ನು ತಗ್ಗಿನ ಅಂಚಿಗೆ ಹಾಕಿದ ಮಣ್ಣಿನ ಒಡ್ಡಿನಿಂದ ತಡೆಯುತ್ತಾರೆ. ನೀರು ಇಂಗಿದ ಮೇಲೆ ಆ ತೇವದಲ್ಲೇ ಚಳಿಗಾಲದ ಬೆಳೆ ಬಿತ್ತುತ್ತಾರೆ. ಮರುನಾಡಿನ ಈ ಜಲವಿವೇಕವನ್ನು ಅನುಪಮ ಮಿಶ್ರರು 'ರಾಜಸ್ಥಾನ್ ಕೀ ರಜತ್ ಬೂಂದೇಂ' ಕೃತಿಯಲ್ಲಿ ಎಷ್ಟು ಪ್ರೀತಿಯಿಂದ ವಿವರಿಸಿದ್ದಾರೆಂಬುದನ್ನು ಓದಿದವರು ಬಲ್ಲರು. ಖಡೀನಿನ ಒಡ್ಡನ್ನು ಗುರುತಿಸಲಾರದ ಚಾರಣಿಗನು ಅದನ್ನು ಮಣ್ಣದಿಬ್ಬವೆಂದು ತಿಳಿದು ದಾಟಿಹೋಗುತ್ತಾನೆ. ಅವನಿಗೆ ಅಲ್ಲಿ ಕಾಣುವುದು ಬರಿದಾದ ಬಯಲು. ನಾಲ್ಕಾರು ಶತಮಾನಗಳ ಕೃಷಿಜ್ಞಾನ ಕಾಲಡಿಯಲ್ಲೇ ಉಳಿಯುತ್ತದೆ.

ಜೈಸಲ್ಮೇರಿನಿಂದ ಸುಮಾರು 15 ಕಿಲೋಮೀಟರು ದೂರದಲ್ಲಿರುವ ಲೋದ್ರವಾದ ವಿಷಯದಲ್ಲಿ ಅನ್ಯಾಯದ ಬಗೆ ಬೇರೆ. 1156ರಲ್ಲಿ ರಾವಲ್ ಜೈಸಲನು ಹೊಸ ಕೋಟೆ ಕಟ್ಟುವ ಮುನ್ನ ಭಾಟಿ ಅರಸರ ರಾಜಧಾನಿಯಾಗಿದ್ದ ಊರಿದು. ರಾಜಧಾನಿ ಅಳಿಯಿತು, ತೀರ್ಥ ಉಳಿಯಿತು. ದಾಳಿಗೆ ಸಿಕ್ಕಿ ಹಾಳಾಗಿದ್ದ ಪಾರ್ಶ್ವನಾಥ ಜಿನಾಲಯವನ್ನು 17ನೆಯ ಶತಮಾನದ ಆರಂಭದಲ್ಲಿ ಥಾಹರು ಶಾಹ ಎಂಬ ಶ್ರಾವಕನು ಜೀರ್ಣೋದ್ಧಾರ ಮಾಡಿಸಿದನು. ಇಂದಿಗೂ ಅಲ್ಲಿ ಪೂಜೆ ನಡೆಯುತ್ತಿದೆ, ಯಾತ್ರಿಕರು ಬರುತ್ತಿದ್ದಾರೆ. ಇಂತಹ ಜೀವಂತ ಕ್ಷೇತ್ರವನ್ನು 'ಮರಳಲ್ಲಿ ಹೂತ ಪ್ರಾಚೀನ ಅವಶೇಷ' ಎಂದು ವರ್ಣಿಸುವ ಲೇಖಕನಿಗೆ ಕಲ್ಲು ಕಂಡಿತು, ಅದರ ಮುಂದೆ ಕೈಮುಗಿದು ನಿಂತ ಸಮುದಾಯ ಕಾಣಲಿಲ್ಲ. ಶ್ರವಣಬೆಳ್ಗೊಳದ ಚಂದ್ರಗಿರಿಯನ್ನು ಯಾರಾದರೂ ಹೀಗೆ ಪಾಳೆಂದು ಕರೆದರೆ ನಾವು ಸುಮ್ಮನಿರುತ್ತೇವೆಯೆ?

ಸಾಹಸಕಥನಗಳು ಬಹುಮಟ್ಟಿಗೆ ಪ್ರವೇಶಿಸದ ಸ್ಥಳ ಇನ್ನೊಂದಿದೆ: ಜೈಸಲ್ಮೇರ್ ಕೋಟೆಯೊಳಗಿನ ಸಂಭವನಾಥ ಜಿನಾಲಯದ ನೆಲಮಾಳಿಗೆಯಲ್ಲಿರುವ ಜಿನಭದ್ರಸೂರಿ ಜ್ಞಾನಭಂಡಾರ. 1874ರಲ್ಲಿ ಬ್ಯೂಲರ್ ಮತ್ತು ಯಾಕೋಬಿ ಇಲ್ಲಿಯ ಓಲೆಗರಿಗಳನ್ನು ಅರಸಿ ಮರುಭೂಮಿಯನ್ನು ದಾಟಿ ಬಂದರು. 20ನೆಯ ಶತಮಾನದ ನಡುಭಾಗದಲ್ಲಿ ಮುನಿ ಪುಣ್ಯವಿಜಯರು ತಿಂಗಳುಗಟ್ಟಲೆ ಇಲ್ಲಿ ನೆಲೆಸಿ ಆ ಸಂಗ್ರಹವನ್ನು ಕ್ರಮಪಡಿಸಿದರು. ಉದ್ದ್ಯೋತನ ಸೂರಿಯ ಪ್ರಾಕೃತ ಚಂಪೂ 'ಕುವಲಯಮಾಲಾ' ರಚನೆಯಾದದ್ದು ಕ್ರಿ.ಶ. 779ರಲ್ಲಿ, ಇದೇ ಮರುನಾಡಿನ ಜಾಲೋರಿನಲ್ಲಿ. ಅದರ ತಾಡಪತ್ರ ಪ್ರತಿ ಉಳಿದದ್ದು ಈ ಭಂಡಾರದಲ್ಲಿ. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದ ನಮ್ಮ ಆ.ನೇ. ಉಪಾಧ್ಯೆಯವರು ಜೈಸಲ್ಮೇರಿನ ಓಲೆಪ್ರತಿಯನ್ನೂ ಪುಣೆಯ ಕಾಗದಪ್ರತಿಯನ್ನೂ ಹೋಲಿಸಿ ಅದನ್ನು ಸಂಪಾದಿಸಿದರು. ಮೂಲಪಠ್ಯ 1959ರಲ್ಲಿ ಬೆಳಕು ಕಂಡಿತು. ದಿಗಂಬರ ಪರಂಪರೆಯ ಕನ್ನಡನಾಡಿನ ವಿದ್ವಾಂಸರೊಬ್ಬರು ಶ್ವೇತಾಂಬರ ಸೂರಿಯ ಕೃತಿಗೆ ಸಲ್ಲಿಸಿದ ಸೇವೆಯಿದು. ಆ ಕೃತಿಯ ಪೇಟೆಯ ಸನ್ನಿವೇಶವೊಂದರಲ್ಲಿ ನಾನಾ ದೇಶದ ವಣಿಜರು ತಂತಮ್ಮ ಭಾಷೆಯಲ್ಲಿ ಮಾತಾಡುತ್ತಾರೆ. ಅವರ ನಡುವೆ ಕರ್ಣಾಟಕದವರೂ ಇದ್ದಾರೆ. 'ಕವಿರಾಜಮಾರ್ಗ'ಕ್ಕಿಂತ ಹಲವು ದಶಕ ಮೊದಲೇ ಮರುನಾಡಿನ ಕವಿಯ ಕಿವಿಗೆ ನಮ್ಮವರ ನುಡಿ ಬಿದ್ದಿತ್ತು. ಬರಿದೆಂದು ನಾವು ಬಣ್ಣಿಸುವ ಸೀಮೆ ನಮ್ಮನ್ನು ಕೇಳಿಸಿಕೊಂಡಿತ್ತು, ಬರೆದಿಟ್ಟಿತ್ತು, ನೆಲಮಾಳಿಗೆಯಲ್ಲಿ ಕಾಪಾಡಿತ್ತು.

ಇದಕ್ಕೆ ಬರುವ ಉತ್ತರವನ್ನು ಬಲ್ಲೆ. ಸಾಹಸದ ಆಕರ್ಷಣೆಯಿಲ್ಲದಿದ್ದರೆ ಯುವಜನ ಅಲ್ಲಿಗೆ ಹೋಗುವುದೇ ಇಲ್ಲ. ಕುತೂಹಲದಿಂದ ಹೋದವರು ಕ್ರಮೇಣ ಚರಿತ್ರೆಯತ್ತ ತಿರುಗುತ್ತಾರೆ ಎಂಬ ವಾದವದು. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ದೆವ್ವದ ಕಥೆಯಿಂದ ತಣಿದ ಕುತೂಹಲ ಶಾಸನದತ್ತ ತಿರುಗಲು ಕಾರಣವೇನು? ಹಸಿವನ್ನು ಸುಳ್ಳುತಿಂಡಿಯಿಂದ ಅಡಗಿಸಿದ ಮೇಲೆ ಊಟಕ್ಕೆ ಕರೆದರೆ ಯಾರು ಬರುತ್ತಾರೆ? ಸತ್ಯಕಥೆ ನೀರಸವಾಗಿದ್ದರೆ ಮಾತು ಬೇರೆ. ಹನಿ ಮಳೆಯಲ್ಲಿ ಗೋಧಿ ಬೆಳೆದವರ ಕಥೆಯನ್ನು ರಸವತ್ತಾಗಿ ಹೇಳಲು ಆಗದಿದ್ದರೆ ಕೊರತೆಯಿರುವುದು ಬರೆಯುವವನಲ್ಲಿ.

ನಡೆಯುವುದನ್ನು ಜೈನ ಪರಂಪರೆ ಬಹು ಹಿಂದೆಯೇ ಶಿಸ್ತಾಗಿ ರೂಪಿಸಿತು. ಮುನಿಗಳ ವಿಹಾರಕ್ಕೆ ಈರ್ಯಾಸಮಿತಿಯ ಕಟ್ಟುಪಾಡಿದೆ: ಹಗಲು ಬೆಳಕಿನಲ್ಲಿ, ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ, ಸೂಕ್ಷ್ಮಜೀವಿಗೂ ಹಿಂಸೆಯಾಗದಂತೆ ಹೆಜ್ಜೆಯಿಡಬೇಕು. ನೆಲ ನಿರ್ಜೀವವಲ್ಲವೆಂಬ ಅರಿವು ಈ ನಿಯಮದ ಬುಡ. ದಿಣ್ಣೆಗಳ ಮೇಲೆ ಜೀಪು ಹಾರಿಸುವವನೂ ಪಾಳುಗೋಡೆ ಹತ್ತಿ ಚಿತ್ರ ತೆಗೆಸಿಕೊಳ್ಳುವವನೂ ನೆಲವನ್ನು ತಮ್ಮ ಪರಾಕ್ರಮದ ಹಿನ್ನೆಲೆಯಾಗಿ ಮಾತ್ರ ಬಳಸುತ್ತಾರೆ. ಎಲ್ಲರೂ ಮುನಿಗಳಾಗಬೇಕೆಂದು ನಾನು ಹೇಳುತ್ತಿಲ್ಲ. ನೋಡಿ ನಡೆಯುವ ಆ ವಿವೇಕದ ಒಂದಂಶವಾದರೂ ನೋಡಿ ಬರೆಯುವವನಿಗೆ ಬೇಕು.

ಪ್ರವಾಸಸಾಹಿತ್ಯದ ಮೇಲೆ ಸಂಶೋಧನೆ ಕೈಗೊಳ್ಳುವವರಲ್ಲಿ ನನ್ನ ಕೋರಿಕೆ ಇಷ್ಟೆ. ಶೈಲಿಯ ಬೆಡಗನ್ನೂ ಅನುಭವದ ತೀವ್ರತೆಯನ್ನೂ ಅಳೆಯುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿ: ಲೇಖಕನು ಯಾರ ಮಾತನ್ನು ನಂಬಿದ್ದಾನೆ? ಐತಿಹ್ಯ ಮತ್ತು ಚರಿತ್ರೆಗಳನ್ನು ಬೇರೆಬೇರೆಯಾಗಿ ಗುರುತಿಸಿದ್ದಾನೆಯೆ? ಆ ನೆಲದಲ್ಲಿ ಇಂದು ಬದುಕಿರುವವರಿಗೆ ತನ್ನ ಬರೆಹದಲ್ಲಿ ಎಡೆ ಕೊಟ್ಟಿದ್ದಾನೆಯೆ? ಈ ಪರೀಕ್ಷೆಯಲ್ಲಿ ಗೆದ್ದ ಕಥನವನ್ನು ಪಠ್ಯಕ್ಕೆ ಸೇರಿಸಿ. ಸೋತದ್ದು ಎಷ್ಟೇ ರೋಮಾಂಚಕವಾಗಿದ್ದರೂ ಅದನ್ನು ಚರಿತ್ರೆಯ ಆಕರವಾಗಿ ಉಲ್ಲೇಖಿಸುವ ರೂಢಿಯನ್ನು ಇಲ್ಲಿಗೇ ನಿಲ್ಲಿಸೋಣ.