ವೈದ್ಯಕೀಯ ಯಂತ್ರಗಳ ಮೋಟಾರ್ ಬೋರ್ಡ್: ದರ ಕಟ್ಟುವಾಗ ಮರೆಯಬಾರದ ವೆಚ್ಚಗಳು

ಅನುಗೊಂಡನಹಳ್ಳಿ ಹೋಬಳಿಯ ಪಶ್ಚಿಮಕ್ಕೆ, ಕಾಡುಗೋಡಿ ಕೈಗಾರಿಕಾ ಪ್ರದೇಶದಲ್ಲಿ, 1990ರಲ್ಲಿ ಆರಂಭಗೊಂಡ ವಿಪ್ರೋ ಜಿಇ ಸಂಸ್ಥೆಯಿದೆ. 2024ರ ಮಾರ್ಚ್‌ನಲ್ಲಿ ಈ ಸಂಸ್ಥೆಯು ಐದು ವರ್ಷಗಳಲ್ಲಿ 8,000 ಕೋಟಿ ರೂಪಾಯಿಗೂ ಮಿಗಿಲಾದ ಹೂಡಿಕೆಯನ್ನು ಘೋಷಿಸಿತು. ಎಕ್ಸ್-ರೇ, ಸಿ.ಟಿ. ಯಂತ್ರಗಳ ಬಿಡಿಭಾಗಗಳನ್ನು ದೇಶದಲ್ಲಿಯೇ ಕೊಳ್ಳುವ ಪ್ರವೃತ್ತಿ ಬೆಳೆದಂತೆ ಹೊಸಕೋಟೆ ತಾಲ್ಲೂಕಿನ ಸಣ್ಣ ಉದ್ದಿಮೆದಾರರು ಇತ್ತ ಗಮನ ಹರಿಸುವುದು ಸಹಜ. ಆದರೆ ಸಾಮಾನ್ಯ ಬೋರ್ಡಿಗೆ ದರ ಕಟ್ಟುವ ರೀತಿಯಲ್ಲಿಯೇ ವೈದ್ಯಕೀಯ ಬೋರ್ಡಿಗೂ ದರ ಕಟ್ಟಿದರೆ ನಷ್ಟ ಕಟ್ಟಿಟ್ಟ ಬುತ್ತಿ. ಸ್ಟೆಪ್ಪರ್ ಮೋಟಾರ್ ಕಂಟ್ರೋಲರ್ ಬೋರ್ಡು ಇದಕ್ಕೆ ಉತ್ತಮ ನಿದರ್ಶನ.

ಸ್ಟೆಪ್ಪರ್ ಮೋಟಾರ್ ಒಂದು ಪಲ್ಸ್‌ಗೆ ಒಂದು ಹೆಜ್ಜೆಯಂತೆ ತಿರುಗುತ್ತದೆ. ಸಾಮಾನ್ಯ ಮಾದರಿಯಲ್ಲಿ ಒಂದು ಹೆಜ್ಜೆ 1.8 ಡಿಗ್ರಿ; ಅಂದರೆ ಒಂದು ಸುತ್ತಿಗೆ 200 ಹೆಜ್ಜೆ. ಸುತ್ತಿಗೆ 5 ಮಿಲಿಮೀಟರ್ ಸಾಗುವ ಸ್ಕ್ರೂ ಜೋಡಿಸಿದರೆ ಒಂದು ಹೆಜ್ಜೆಗೆ 0.025 ಮಿಲಿಮೀಟರ್ ಚಲನೆ. ಎಷ್ಟು ಪಲ್ಸ್, ಯಾವ ದಿಕ್ಕು, ಯಾವ ವೇಗ ಎಂಬುದನ್ನು ಬೋರ್ಡಿನ ಮೈಕ್ರೋಕಂಟ್ರೋಲರ್ ನಿರ್ಧರಿಸುತ್ತದೆ. ಅದರಂತೆ ಡ್ರೈವರ್ ಭಾಗವು ಮೋಟಾರಿನ ವೈಂಡಿಂಗ್‌ಗಳಿಗೆ ಸರದಿಯಂತೆ ವಿದ್ಯುತ್ ಹರಿಸುತ್ತದೆ.

ಎಕ್ಸ್-ರೇ ಕಿರಣವು ದೇಹದ ಎಷ್ಟು ಭಾಗದ ಮೇಲೆ ಬೀಳಬೇಕೆಂಬುದನ್ನು ಕಾಲಿಮೇಟರ್‌ನ ಸೀಸದ ಹಲಗೆಗಳು ನಿರ್ಧರಿಸುತ್ತವೆ. ಅನೇಕ ಯಂತ್ರಗಳಲ್ಲಿ ಆ ಹಲಗೆಗಳನ್ನು ಸರಿಸುವುದು ಈ ಮೋಟಾರೇ. ಭಾರ ಹೆಚ್ಚಾಗಿಯೋ ವಿದ್ಯುತ್ ಸಾಲದೆಯೋ ಮೋಟಾರ್ ಹೆಜ್ಜೆ ತಪ್ಪಬಹುದು. ಸ್ಥಾನವನ್ನು ಅಳೆದು ತಿಳಿಸುವ ಎನ್‌ಕೋಡರ್ ಅಥವಾ ಸೆನ್ಸರ್ ಇಲ್ಲದಿದ್ದರೆ ಬೋರ್ಡಿಗೆ ಅದು ತಿಳಿಯುವುದಿಲ್ಲ. ಆಗ ರೋಗಿಯ ದೇಹದ ಅನವಶ್ಯಕ ಭಾಗಕ್ಕೂ ವಿಕಿರಣ ತಗಲಬಹುದು. ಇಲ್ಲವೇ ಬೇಕಾದ ಭಾಗ ಚಿತ್ರದಲ್ಲಿ ಬಾರದೆ ಮತ್ತೊಮ್ಮೆ ಎಕ್ಸ್-ರೇ ತೆಗೆಯಬೇಕಾಗಬಹುದು.

ಆದ್ದರಿಂದಲೇ ಕೊಳ್ಳುವವರು ಬೋರ್ಡಿನೊಂದಿಗೆ ಪುರಾವೆಯನ್ನೂ ಕೇಳುತ್ತಾರೆ. 2017ರ ವೈದ್ಯಕೀಯ ಸಾಧನಗಳ ನಿಯಮಾವಳಿಯ ಅನ್ವಯ ಯಂತ್ರದ ತಯಾರಕರು ಗುಣಮಟ್ಟ ವ್ಯವಸ್ಥೆಯನ್ನು ಪಾಲಿಸಬೇಕು. ಖರೀದಿಸಿದ ಭಾಗಗಳೂ ಅದರ ವ್ಯಾಪ್ತಿಯಲ್ಲಿವೆ. ಯಾವ ಬ್ಯಾಚಿನ ಬಿಡಿಭಾಗ ಯಾವ ಬೋರ್ಡಿನಲ್ಲಿದೆ, ಯಾರು ಪರೀಕ್ಷಿಸಿದರು ಎಂಬ ದಾಖಲೆಯನ್ನು ಪೂರೈಕೆದಾರರೇ ಒದಗಿಸಬೇಕಾಗುತ್ತದೆ. ಐಎಸ್‌ಒ 13485 ಪ್ರಮಾಣಪತ್ರವನ್ನೂ ಅನೇಕರು ಅಪೇಕ್ಷಿಸುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಒಂದು ಕಾಲ್ಪನಿಕ ಉದಾಹರಣೆ: ಬಿಡಿಭಾಗಗಳಿಗೆ 4,000 ರೂಪಾಯಿ, ಜೋಡಣೆಗೆ 800 ರೂಪಾಯಿ. ಇದರ ಮೇಲೆ ಶೇಕಡಾ 15 ಲಾಭ ಸೇರಿಸಿ ನಮ್ಮವರು 5,520 ರೂಪಾಯಿ ದರ ನೀಡುತ್ತಾರೆ. ಆದರೆ ಪರೀಕ್ಷೆಗೆ 700, ದಾಖಲೆ ಮತ್ತು ಪ್ರಮಾಣಪತ್ರದ ಪಾಲು 600, ವಾರಂಟಿ ಬದಲಾವಣೆಗೆ 300, ಮುಂದೆ ಮಾರುಕಟ್ಟೆಯಲ್ಲಿ ಸಿಗದಿರಬಹುದಾದ ಐ.ಸಿ.ಗಳ ದಾಸ್ತಾನಿಗೆ 400 ರೂಪಾಯಿ ಸೇರಿಸಿದರೆ ನಿಜವಾದ ವೆಚ್ಚ 6,800 ರೂಪಾಯಿ. ಬೋರ್ಡೊಂದಕ್ಕೆ 1,280 ರೂಪಾಯಿ ನಷ್ಟ. ವರ್ಷಕ್ಕೆ 500 ಬೋರ್ಡು ಮಾರಿದರೆ 6,40,000 ರೂಪಾಯಿ. ಈ ವೆಚ್ಚಗಳು ಆಡಳಿತ ವೆಚ್ಚದ ತಲೆಬರಹದಡಿ ಅಡಗಿ ಕುಳಿತಿರುವುದರಿಂದ ವರ್ಷಾಂತ್ಯದವರೆಗೆ ಮಾಲೀಕರ ಕಣ್ಣಿಗೆ ಬೀಳುವುದಿಲ್ಲ. ಇವುಗಳನ್ನು ಉತ್ಪನ್ನದ ನೇರ ವೆಚ್ಚವೆಂದೇ ಪರಿಗಣಿಸಿ ದರಪಟ್ಟಿಯಲ್ಲಿ ತೋರಿಸತಕ್ಕದ್ದು.

ಹಣ ವಸೂಲಾತಿಯ ಕುರಿತು ಒಂದು ಮಾತು. ಎಂ.ಎಸ್.ಎಂ.ಇ.ಡಿ. ಕಾಯಿದೆ, 2006ರ 15ನೇ ಕಲಮಿನಂತೆ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಸಲ್ಲಬೇಕಾದ ಹಣವನ್ನು ಒಪ್ಪಂದವಿದ್ದರೂ 45 ದಿನ ಮೀರಿ ತಡೆಹಿಡಿಯುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ. ಇದಕ್ಕೆ ಆದೇಶ ಪಡೆಯುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿಕೊಳ್ಳುವುದು ಲೇಸು. 2021ರ ಜುಲೈ ಆದೇಶದಂತೆ ಉದ್ಯಮ್ ನೋಂದಣಿ ಪಡೆದ ವರ್ತಕರಿಗೆ ದೊರೆತದ್ದು ಆದ್ಯತಾ ವಲಯದ ಸಾಲದ ಸೌಲಭ್ಯ ಮಾತ್ರ. ಆದ್ದರಿಂದ ಬೋರ್ಡುಗಳನ್ನು ತರಿಸಿ ಮಾರುವ ವ್ಯಾಪಾರಿಗಳು ಈ ರಕ್ಷಣೆಯನ್ನು ನೆಚ್ಚಿ ದೀರ್ಘ ಸಾಲ ನೀಡಬಾರದು.

ಪರೀಕ್ಷಾ ಸಲಕರಣೆಗಳ ವೆಚ್ಚವನ್ನು ಒಂದೇ ಸಣ್ಣ ಘಟಕ ಭರಿಸುವುದು ಕಷ್ಟ. ಹೊಸಕೋಟೆ ಭಾಗದ ಘಟಕಗಳಿಗಾಗಿ ಒಂದು ಸಾಮೂಹಿಕ ಪರೀಕ್ಷಾ ಕೇಂದ್ರವನ್ನು ಸ್ಥಾಪಿಸುವ ಬಗ್ಗೆ ನಮ್ಮ ಸಂಸ್ಥೆಯು ಸರ್ಕಾರದೊಂದಿಗೆ ಪತ್ರವ್ಯವಹಾರ ನಡೆಸಬೇಕೆಂಬುದು ನನ್ನ ಸಲಹೆ. ಅಲ್ಲಿಯವರೆಗೆ, ಪರೀಕ್ಷೆಯ ವೆಚ್ಚವನ್ನು ಕೊಡಲೊಪ್ಪದ ಆದೇಶವನ್ನು ವಿನಯದಿಂದ ನಿರಾಕರಿಸುವುದೇ ಜಾಣತನ. ಪರೀಕ್ಷೆಯನ್ನೇ ಕೈಬಿಟ್ಟು ದರ ಇಳಿಸುವ ಮಾರ್ಗವನ್ನು ಮಾತ್ರ ಯಾರೂ ಹಿಡಿಯಬಾರದು. ಅದರ ಬೆಲೆ ತೆರುವವನು ಯಂತ್ರದ ಕೆಳಗೆ ಮಲಗಿರುವ ರೋಗಿ.